ಖರ್ಜೂರದ ಬೀಜದಷ್ಟು

ಉಡುಪಿ ಕಡೆಯ ಆ ನರ್ಸಮ್ಮ ಆಸ್ಪತ್ರೆಯ ಡ್ಯೂಟಿ ಮುಗಿಸಿ ಒಮಾನ್ ದೇಶದ ಇಬ್ರಿ ಊರಿನ ನನ್ನ ಅಂಗಡಿಗೆ ಬಂದರೆ, ಖರ್ಜೂರ ತಿಂದು ಬೀಜವನ್ನು ಕೌಂಟರಿನ ಮೇಲೆ ಇಡುತ್ತಿದ್ದರು. “ಗುಂಡು ಇಷ್ಟೇ ಮಾರಾಯ್ರೆ. ಮೇಲೆ ಹೋದದ್ದು ಕೆಳಗೆ ಬರ್ಲೇಬೇಕಲ್ಲ?”

ಮದುವೆಯ ಖುಷಿಗೆ ಯಾರೋ ಆಕಾಶಕ್ಕೆ ಹಾರಿಸಿದ ಗುಂಡು ಬಿದ್ದು ಭುಜಕ್ಕೆ ಗಾಯವಾದ ಹುಡುಗಿಯೊಬ್ಬಳನ್ನು ಅವರು ಆರೈಕೆ ಮಾಡಿದ್ದರು. ಇದನ್ನು ತಡೆಯುವುದು ಹೇಗೆಂದು ಸಂಶೋಧನೆ ಮಾಡಲು ಧನಸಹಾಯ ಕೊಡುವವರನ್ನು ಹುಡುಕಿ ಅರ್ಜಿ ಹಾಕುವುದೇ ಆಮೇಲೆ ಅವರ ರಜೆಯ ಕೆಲಸವಾಯಿತು. ಪ್ರತಿ ಸಲವೂ ತಿರಸ್ಕಾರ. ಅವರು ಮೊಬೈಲ್ ಮಗುಚಿಟ್ಟು ಕನ್ನಡಕ ಒರೆಸುತ್ತ, “ಇದು ಆಗ್ಲಿಲ್ಲ. ಇನ್ನೊಂದು ಉಂಟಲ್ಲ,” ಎನ್ನುತ್ತಿದ್ದರು. ಸಿಟ್ಟು ಬರುತ್ತಿದ್ದದ್ದು ನನಗೆ. ಕೊಡುವ ಮನಸ್ಸಿಲ್ಲದವರು ಅರ್ಜಿ ಕರೆಯುವುದಾದರೂ ಯಾಕೆ? ಕೊನೆಯ ಸಲ ತಿರಸ್ಕರಿಸಿದವರಂತೂ, ಊರವರು ನಿಮ್ಮ ಮಾತು ಕೇಳುತ್ತಾರೆಂದು ಏನು ಭರವಸೆ ಎಂದು ಕೇಳಿದ್ದರು.

ಅಂಗಡಿಯ ಪಕ್ಕದ ಮನೆಯ ಒಮಾನಿ ಅಜ್ಜ ಎಲ್ಲ ಮದುವೆಗಳಲ್ಲೂ ಮೊದಲ ಗುಂಡು ಹಾರಿಸುವವರು. ಒಂದು ಸಂಜೆ ಅವರು ಕೊಟ್ಟ ಕಾಫಿ ಕುಡಿದು, ನರ್ಸಮ್ಮ ಖರ್ಜೂರದ ಬೀಜವನ್ನು ಅವರ ಅಂಗೈಯಲ್ಲಿಟ್ಟು, ತಮ್ಮ ಭುಜವನ್ನು ಮುಟ್ಟಿ ತೋರಿಸಿದರು. ಅಜ್ಜ ಬೀಜವನ್ನು ಜೇಬಿಗೆ ಹಾಕಿಕೊಂಡರು.

ಮೊಮ್ಮಗನ ಮದುವೆಯಲ್ಲಿ ಅಜ್ಜ ಗುಂಡು ತುಂಬದ ಬಂದೂಕನ್ನು ಮೇಲಕ್ಕೆ ಎಸೆದು, ಕುಣಿಯುತ್ತಲೇ ಹಿಡಿದರು. ಉಳಿದವರೂ ಹಾಗೆಯೇ ಮಾಡಿದರು. “ಖಲಾಸ್, ಇನ್ನು ಮುಂದೆ ಹೀಗೇ,” ಎಂದರು ಅಜ್ಜ.

ಮರುದಿನ ನರ್ಸಮ್ಮ ಅಂಗಡಿಗೆ ಬಂದು ಮೊಬೈಲ್ ತೆರೆದರು. “ಇನ್ನೊಂದು ಉಂಟಲ್ಲ, ಅದಕ್ಕೆ ಅರ್ಜಿ ಬರೆದೆ. ಮೊದಲು ಅಜ್ಜನ ಹೆಸರು, ಆಮೇಲೆ ನನ್ನದು.”