ಕುದಿಯದೆ ಕೆಮ್ಮಣ್ಣುಗುಂಡಿ ಹತ್ತಿದ ವ್ಯಾನು

ಬೆಳಕು ಹರಿಯುವ ಹೊತ್ತಿಗೆ ನಾವು ಯಗಟಿ ಬಿಟ್ಟೆವು. ನಾವು ಎಂದರೆ ನಾನು, ನನ್ನ ಅಕ್ಕ ಗಿರಿಜಾ, ಮತ್ತೆ ನಮ್ಮಿಬ್ಬರ ಹಳೇ ಡೀಸೆಲ್ ವ್ಯಾನು. ನವೆಂಬರ್ ತಿಂಗಳು. ರಾಗಿ ಹೊಲಗಳು ತೆನೆ ಬಾಗಿಸಿ ಕೊಯ್ಲಿಗೆ ನಿಂತಿದ್ದವು. ಗಾಳಿ ಆಗಲೇ ಒಣಗಿತ್ತು. ನಾವು ಸಂತೆಯಿಂದ ಸಂತೆಗೆ ಹೋಗಿ ರೆಡಿಮೇಡ್ ಬಟ್ಟೆ ಮಾರುವವರು. ಕಡೂರು, ಅಜ್ಜಂಪುರ, ತರೀಕೆರೆ ಅಂತ ವಾರವೆಲ್ಲ ಈ ವ್ಯಾನಿನಲ್ಲೇ ನಮ್ಮ ಓಡಾಟ. ಆ ದಿನ ಮಾತ್ರ ಬಟ್ಟೆಯ ಗಂಟುಗಳನ್ನು ಮನೆಯಲ್ಲೇ ಇಳಿಸಿ, ಅವುಗಳ ಜಾಗದಲ್ಲಿ ಎರಡು ಕ್ಯಾನು ನೀರು, ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ ಇಟ್ಟುಕೊಂಡಿದ್ದೆವು. ಹೊರಟಿದ್ದು ಕೆಮ್ಮಣ್ಣುಗುಂಡಿಗೆ.

ಇದು ಎರಡನೇ ಸಲ. ಹೋದ ವರ್ಷ ಇದೇ ವ್ಯಾನಿನಲ್ಲಿ ಹೊರಟು, ಕಲ್ಲತ್ತಿಗಿರಿ ದಾಟಿ ಏರು ಶುರುವಾಗುತ್ತಿದ್ದಂತೆ ಎಂಜಿನ್ ಕುದಿದು ನಿಂತಿತ್ತು. ನೀರು ಹಾಕಿದರೆ ಸರಿಹೋಗುತ್ತದೆಂದು ಅಕ್ಕ ಸೆರಗನ್ನು ಕೈಗೆ ಸುತ್ತಿಕೊಂಡು ರೇಡಿಯೇಟರಿನ ಮುಚ್ಚಳ ತಿರುಗಿಸಿದ್ದಳು. ಮುಚ್ಚಳ ಹಾರಿತು. ಕುದಿಯುವ ನೀರು, ಹಬೆ ಎರಡೂ ಅವಳ ಬಲಗೈಯನ್ನು ಮಣಿಕಟ್ಟಿನಿಂದ ಮೊಳಕೈವರೆಗೆ ಬೇಯಿಸಿಬಿಟ್ಟವು. ಗಾಯ ಮಾಯಲು ತಿಂಗಳುಗಳೇ ಹಿಡಿದವು. ಚರ್ಮ ಮಾತ್ರ ಸುಕ್ಕುಗಟ್ಟಿ, ಹೊಳಪಾಗಿ ಹಾಗೇ ಉಳಿಯಿತು. ಆಮೇಲೆ ಅವಳು ವ್ಯಾನಿನ ಮುಂದಿನ ಸೀಟಿನಲ್ಲಿ ಕೂತಿದ್ದೇ ಇಲ್ಲ. ಹಿಂದೆ ಗಂಟುಗಳ ನಡುವೆ ಕೂರುತ್ತಿದ್ದಳು. ನಾನು ಬಾನೆಟ್ ಎತ್ತಿದರೆ ಇಳಿದು ದೂರ ಹೋಗಿ ನಿಲ್ಲುತ್ತಿದ್ದಳು.

ಆದರೆ ಕೆಮ್ಮಣ್ಣುಗುಂಡಿಯ ಆಸೆ ಅವಳನ್ನು ಬಿಟ್ಟಿರಲಿಲ್ಲ. ಬಸ್ಸಿನಲ್ಲೋ ಬಾಡಿಗೆ ಜೀಪಿನಲ್ಲೋ ಕರೆದುಕೊಂಡು ಹೋಗುತ್ತೇನೆಂದು ನಾನು ಹೇಳಿದ್ದೆ. ಅವಳು ಒಪ್ಪಲಿಲ್ಲ.

“ಕೈ ಸುಟ್ಕೊಂಡಿದ್ದು ಈ ಗಾಡಿಲಿ. ಹತ್ತಿದ್ರೆ ಈ ಗಾಡಿಲೇ ಹತ್ತಬೇಕು ಕಣೇ ಸುಮಿ,” ಅಂದಿದ್ದಳು.

ಕಡೂರಿನಲ್ಲಿ ಮೊದಲು ನಿಂತದ್ದು ಮಂಜಣ್ಣನ ಗ್ಯಾರೇಜಿನ ಮುಂದೆ. ಹೊರಡುವ ಮುಂಚೆ ಒಮ್ಮೆ ತೋರಿಸಿ ಹೋಗಿ ಎಂದು ಅವನೇ ಹೇಳಿದ್ದ. ಹಿಂದಿನ ತಿಂಗಳು ವ್ಯಾನು ಅವನ ಅಂಗಳದಲ್ಲೇ ಬಿದ್ದಿತ್ತು. ರೇಡಿಯೇಟರ್ ಬಿಚ್ಚಿ ಒಳಗೆ ನೋಡಿದಾಗ ನಾನು ದಂಗಾಗಿದ್ದೆ. ನಮ್ಮೂರ ಬೋರ್‌ವೆಲ್ ನೀರನ್ನು ವರ್ಷಗಟ್ಟಲೆ ತುಂಬಿ ತುಂಬಿ, ಸ್ನಾನದ ಹಂಡೆಯ ತಳದಲ್ಲಿ ಕಟ್ಟುವಂಥದೇ ಬಿಳಿ ಗಟ್ಟಿ ಪದರ ಕೊಳವೆಗಳನ್ನು ಅರ್ಧಕ್ಕರ್ಧ ಮುಚ್ಚಿಬಿಟ್ಟಿತ್ತು. ನೀರು ಹರಿಯಲು ದಾರಿಯೇ ಇಲ್ಲದಿದ್ದರೆ ಎಂಜಿನ್ ತಣಿಯುವುದು ಹೇಗೆ?

ಒಳಗಿನ ಕೊಳವೆಗಳ ಸೆಟ್ಟನ್ನೇ ಹೊಸದು ಹಾಕಿಸಿದೆವು. ವಾಟರ್ ಪಂಪ್, ರಬ್ಬರ್ ಪೈಪುಗಳು, ಮುಚ್ಚಳ ಎಲ್ಲ ಬದಲಾದವು. ಹಳೇ ಫ್ಯಾನು ಎಂಜಿನ್ನಿಗೆ ಕಟ್ಟಿಕೊಂಡು ತಿರುಗುವಂಥದು. ಏರಿನಲ್ಲಿ ಗಾಡಿ ಮೆಲ್ಲಗೆ ತೆವಳುವಾಗ ಶಾಖ ಹೆಚ್ಚು, ಆದರೆ ಮುಂದಿನಿಂದ ಗಾಳಿ ಬರುವುದಿಲ್ಲ, ಫ್ಯಾನೂ ಸಾಲುವುದಿಲ್ಲ. ಅದಕ್ಕೆ ಬ್ಯಾಟರಿಯಿಂದ ತಿರುಗುವ ಇನ್ನೊಂದು ಫ್ಯಾನು ಕೂರಿಸಿ, ಗಾಳಿ ಅತ್ತಿತ್ತ ಚೆದುರದಂತೆ ಸುತ್ತ ತಗಡಿನ ಗೂಡು ಮಾಡಿಸಿದೆವು. ಬೋರಿನ ನೀರಿಗೆ ವಿದಾಯ ಹೇಳಿ, ಎಂಜಿನ್ ತಣಿಸಲೆಂದೇ ಬರುವ ಹಸಿರು ಕೂಲೆಂಟ್ ತುಂಬಿಸಿದೆವು. ಡ್ಯಾಶ್‌ಬೋರ್ಡಿನಲ್ಲಿ ಸತ್ತು ಮಲಗಿದ್ದ ಶಾಖದ ಮೀಟರಿನ ಜಾಗಕ್ಕೆ ಹೊಸ ಮೀಟರ್ ಬಂತು.

ಜಗಳವಾದದ್ದು ಒಂದೇ ವಿಷಯಕ್ಕೆ. ಎಂಜಿನ್ ಬಿಸಿಯಾಗುವ ತನಕ ನೀರನ್ನು ತಡೆದಿಟ್ಟು, ಆಮೇಲೆ ಬಾಯಿ ತೆರೆಯುವ ಸಣ್ಣ ವಾಲ್ವ್ ಒಂದಿರುತ್ತದೆ. ಈ ಕಡೆಯ ಸೆಖೆಗೆ ಅದು ಬ್ಯಾಡ, ಕಿತ್ತು ಬಿಸಾಕಿ ಅಂತ ಮಂಜಣ್ಣ. ಕಂಪನಿಯವರು ಸುಮ್ಮಸುಮ್ಮನೆ ಇಟ್ಟಿರುವುದಿಲ್ಲ, ಹೊಸದು ಹಾಕು ಅಂತ ನಾನು. ಕೊನೆಗೆ ಅವನು ಹೊಸ ವಾಲ್ವ್ ತಂದ. ಅದೂ ಕೈ ಕೊಡಬಹುದೆಂದು ಟೀ ಕಾಯಿಸುವ ಪಾತ್ರೆಯ ನೀರಿನಲ್ಲಿ ಮುಳುಗಿಸಿ ಸ್ಟೌ ಹಚ್ಚಿದ. ದೂರ ನಿಂತಿದ್ದ ಅಕ್ಕ ತನಗರಿವಿಲ್ಲದೆ ಹತ್ತಿರ ಬಂದಿದ್ದಳು. ನೀರು ಕುದಿಯುವುದಕ್ಕೆ ಸ್ವಲ್ಪ ಮುಂಚೆ, ಆಮೆ ಕತ್ತು ಚಾಚಿದ ಹಾಗೆ, ವಾಲ್ವಿನ ಬಾಯಿ ತಾನೇ ಮೆಲ್ಲಗೆ ತೆರೆದುಕೊಂಡಿತು. ಸ್ಟೌ ಆರಿಸಿ ತಣ್ಣೀರು ಸುರಿದಾಗ ಮತ್ತೆ ಮುಚ್ಚಿಕೊಂಡಿತು.

“ಕರೆಂಟಿಲ್ಲ, ಏನಿಲ್ಲ. ಅದಕ್ಕೆ ಹೆಂಗೆ ಗೊತ್ತಾಗುತ್ತೆ?” ಎಂದು ಅಕ್ಕ ಕೇಳಿದಳು.

ಒಳಗೆ ಮೇಣ ಇರುತ್ತದೆ, ಕರಗಿದರೆ ಹಿಗ್ಗಿ ತಳ್ಳುತ್ತದೆ ಎಂದು ಮಂಜಣ್ಣ ವಿವರಿಸಿದ. ಅಕ್ಕ ಅದನ್ನು ಇನ್ನೊಂದು ಸಲ ಕಾಯಿಸಿ ತೋರಿಸು ಎಂದಳು. ಮೂರನೇ ಸಲವೂ ನೋಡಿದಳು.

ಹೊರಟ ದಿನ ಬೆಳಗ್ಗೆ ಮಂಜಣ್ಣ ಪೈಪುಗಳನ್ನೆಲ್ಲ ಒತ್ತಿ ನೋಡಿ, ಹೋಗಿಬನ್ನಿ ಅಂದ. ಅಕ್ಕ ಹಿಂದಿನ ಬಾಗಿಲ ಹತ್ತಿರ ಹೋದವಳು ಅಲ್ಲೇ ಒಂದು ಗಳಿಗೆ ನಿಂತು, ಸುತ್ತಿ ಬಂದು ಮುಂದಿನ ಸೀಟಿನಲ್ಲಿ ಕೂತಳು. ಮೀಟರಿನ ಮುಳ್ಳು ಕಾಣುವ ಜಾಗ ಅದು.

ಬೀರೂರು ದಾಟಿ ಹೆದ್ದಾರಿಯಲ್ಲಿ ತರೀಕೆರೆ ಮುಟ್ಟುವವರೆಗೆ ಮುಳ್ಳು ಅರ್ಧದಲ್ಲಿ ನಿಂತದ್ದು ಅಲುಗಲಿಲ್ಲ. ತರೀಕೆರೆಯ ಹೋಟೆಲೊಂದರಲ್ಲಿ ಇಡ್ಲಿ, ಉದ್ದಿನ ವಡೆ ತಿಂದೆವು. ಲಿಂಗದಹಳ್ಳಿ ದಾಟಿದ ಮೇಲೆ ಗಾಳಿಯ ವಾಸನೆಯೇ ಬದಲಾಯಿತು. ಬೆಟ್ಟ ಎದುರಿಗೆ ಗೋಡೆಯಂತೆ ಎದ್ದು ನಿಂತಿತು.

ಕಲ್ಲತ್ತಿಗಿರಿಯಲ್ಲಿ ಇಳಿದೆವು. ಬಂಡೆಯ ಮೇಲಿನಿಂದ ಬೀಳುವ ನೀರು ವೀರಭದ್ರನ ಗುಡಿಯ ಪಕ್ಕದಲ್ಲೇ, ಕಲ್ಲಿನಲ್ಲಿ ಕೆತ್ತಿದ ಆನೆಗಳ ಬೆನ್ನು ತೋಯಿಸಿಕೊಂಡು ಹರಿಯುತ್ತದೆ. ನಮ್ಮೂರಲ್ಲಿ ನೀರು ಎಂದರೆ ಸ್ವಿಚ್ ಒತ್ತಿ, ನೆಲದೊಳಗಿಂದ ಬರುತ್ತದೋ ಇಲ್ಲವೋ ಎಂದು ಕಾಯುವ ವಸ್ತು. ಇಲ್ಲಿ ಅದು ಯಾರೂ ಕರೆಯದೆ ಮೇಲಿಂದ ಸುರಿಯುತ್ತಿತ್ತು. ಅಕ್ಕ ಕೈ ಮುಗಿದಳು. ಗುಡಿಯ ಕಡೆಗೋ ನೀರಿನ ಕಡೆಗೋ ನನಗೆ ತಿಳಿಯಲಿಲ್ಲ.

ಅಲ್ಲಿಂದ ನಿಜವಾದ ಏರು. ನಾನು ಎರಡನೇ ಗೇರಿಗೆ ಇಳಿಸಿದೆ. ಹೋದ ವರ್ಷ ನಿಂತ ತಿರುವು ಬಂತು. ಅಕ್ಕ ಹೊರಗೆ ನೋಡಲಿಲ್ಲ, ಅವಳ ಕಣ್ಣು ಮುಳ್ಳಿನ ಮೇಲೇ ಇತ್ತು. ಮುಳ್ಳು ಅರ್ಧ ದಾಟಿ ಮೇಲೇರತೊಡಗಿತು. ಇನ್ನೂ ಸ್ವಲ್ಪ ಏರಿತು. ಅಷ್ಟರಲ್ಲಿ ಮುಂದುಗಡೆ ಜೇನುಹುಳು ಎದ್ದಂಥ ಸದ್ದು. ಹೊಸ ಫ್ಯಾನು ತಾನಾಗಿ ತಿರುಗಲು ಶುರುಮಾಡಿತ್ತು. ತಿರುವು ಮುಗಿಯುವುದರೊಳಗೆ ಮುಳ್ಳು ಮೆಲ್ಲಗೆ, ಹೋದ ದಾರಿಯಲ್ಲೇ ಹಿಂದಕ್ಕೆ ಬಂತು. ಇಷ್ಟು ವರ್ಷ ಗಾಡಿ ಓಡಿಸಿದ್ದೇನೆ, ಕಬ್ಬಿಣದ ವಸ್ತುವೊಂದು ತನ್ನನ್ನು ತಾನು ನೋಡಿಕೊಳ್ಳುವುದನ್ನು ಕಂಡು ಮೈ ಜುಮ್ಮೆಂದದ್ದು ಅದೇ ಮೊದಲು.

ಇನ್ನೆರಡು ತಿರುವು ಕಳೆದಿರಬೇಕು, ರಸ್ತೆಯಂಚಿಗೆ ಬಿಳಿ ಕಾರೊಂದು ಬಾನೆಟ್ ಎತ್ತಿ ನಿಂತಿತ್ತು. ಹಬೆ ಏಳುತ್ತಿತ್ತು. ಮೂವತ್ತೈದರ ಆಸುಪಾಸಿನ ಒಬ್ಬ ಟವೆಲನ್ನು ಕೈಗೆ ಸುತ್ತಿಕೊಂಡು ಬಗ್ಗಿದ್ದ. ನಾನು ಬ್ರೇಕ್ ಒತ್ತುವುದರೊಳಗೆ ಅಕ್ಕ ಬಾಗಿಲು ತೆಗೆದಿದ್ದಳು. ಗಾಡಿ ಇನ್ನೂ ಪೂರ್ತಿ ನಿಂತಿರಲಿಲ್ಲ. ಓಡಿ ಹೋಗಿ ಆ ಹಬೆಯೊಳಕ್ಕೇ ಕೈ ಚಾಚಿ ಅವನ ಮಣಿಕಟ್ಟು ಹಿಡಿದಳು.

“ಬಿಡಪ್ಪಾ. ಮುಟ್ಟಬ್ಯಾಡ.”

ಅವನಿಗೆ ಸಿಟ್ಟು ಬಂತು. ನೀರು ಹಾಕದಿದ್ದರೆ ಎಂಜಿನ್ ಹೋಗುತ್ತದೆ, ಬಿಡಿ ಅಮ್ಮ ಎಂದು ಕೈ ಕೊಸರಿದ. ಅಕ್ಕ ಎಡಗೈಯಿಂದ ತನ್ನ ಬಲಗೈಯ ಮೇಲಿನ ಸೆರಗು ಸರಿಸಿ ಅವನ ಮುಖದ ಮುಂದೆ ಹಿಡಿದಳು. ಅವನು ಆ ಕೈ ನೋಡಿದ, ಮುಚ್ಚಳ ನೋಡಿದ. ಟವೆಲ್ ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡ. ಸಂತೆಯಲ್ಲಿ ಗಿರಾಕಿಗಳ ಮುಂದೆ ಸೆರಗು ಹೊದ್ದು ಮುಚ್ಚಿಕೊಳ್ಳುತ್ತಿದ್ದ ಕೈ ಅದು. ನಾನು ಸ್ಟೇರಿಂಗ್ ಹಿಡಿದು ಕೂತಲ್ಲೇ ಕೂತಿದ್ದೆ.

ಅವನ ಹೆಸರು ಲೋಕೇಶ, ಅಜ್ಜಂಪುರದಾಚೆಯ ಶಿವನಿ ಊರಿನವನು. ಅವ್ವನಿಗೆ ಬೆಟ್ಟ ತೋರಿಸಲು ಕರೆತಂದಿದ್ದ. ಅವ್ವ ಪಾರ್ವತಮ್ಮ ಕಾರಿನಿಂದಿಳಿದು ಮೋಟುಗೋಡೆಯ ಮೇಲೆ ಕೂತಿದ್ದರು, ಎಪ್ಪತ್ತು ದಾಟಿದವರು. ಎಂಜಿನ್ ತಣಿಯುವವರೆಗೆ ಕಾಯುವುದು ಬಿಟ್ಟು ಬೇರೆ ದಾರಿಯಿರಲಿಲ್ಲ. ನಾವೂ ಅಲ್ಲೇ ಕೂತು ರೊಟ್ಟಿ ಬಿಚ್ಚಿದೆವು. ಕೆಳಗೆ ಕಾಡಿನ ನೆತ್ತಿ, ಅದರ ಮೇಲೆ ನಮ್ಮ ಕಾಲಿಗಿಂತ ಕೆಳಗೆ ಹಾರುವ ಹದ್ದು. ಹದ್ದಿನ ಬೆನ್ನು ನೋಡಿದ್ದು ಇದೇ ಮೊದಲು ಎಂದು ಪಾರ್ವತಮ್ಮ ಹೇಳಿದರು. ನಾನೂ ನೋಡಿರಲಿಲ್ಲ.

ಸುಮಾರು ಒಂದು ಗಂಟೆ ಕಳೆದ ಮೇಲೆ ನಾನು ಮುಚ್ಚಳ ತೆಗೆಯಲು ಎದ್ದೆ. ಅಕ್ಕ ನನ್ನನ್ನು ತಡೆದಳು. ತಾನೇ ಹೋಗಿ ರೇಡಿಯೇಟರಿನ ಮೇಲೆ ಮೊದಲು ಕೈಯ ಹಿಂಬದಿ ಇಟ್ಟು ನೋಡಿದಳು. ಗೋಣಿಯ ತುಂಡು ಮಡಿಸಿ ಮುಚ್ಚಳದ ಮೇಲಿಟ್ಟು, ಮುಖ ಪಕ್ಕಕ್ಕೆ ತಿರುಗಿಸಿ, ಅರ್ಧ ಸುತ್ತು ತಿರುಗಿಸಿದಳು. ಒಳಗಿಂದ ಸಣ್ಣಗೆ ಉಸಿರು ಬಿಟ್ಟಂತಾಯಿತು, ಅಷ್ಟೇ. ಪೂರ್ತಿ ತೆಗೆದು, ನಮ್ಮ ಕ್ಯಾನಿನ ನೀರನ್ನು ಮೆಲ್ಲಮೆಲ್ಲಗೆ ಸುರಿದಳು. ಮುಚ್ಚಳ ಭದ್ರಮಾಡಿ ಈಚೆ ಬಂದು ಕೈ ಒರೆಸಿಕೊಂಡಳು.

ಕಾರಿನ ಪಂಪಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಇಳಿಜಾರಿನಲ್ಲಿ ಲಿಂಗದಹಳ್ಳಿಯ ತನಕ ಹೋಗಬಹುದು, ಮೇಲೆ ಹತ್ತಿಸುವುದು ಬೇಡ ಎಂದು ನಾನು ಹೇಳಿದೆ. ಇನ್ನೊಂದು ಸಲ ಬರೋಣ ಅವ್ವ ಎಂದು ಲೋಕೇಶ ಅಂದ.

“ನೀನು ಗಾಡಿ ತಗೊಂಡು ಕೆಳಗೆ ಹೋಗಪ್ಪಾ,” ಎಂದರು ಪಾರ್ವತಮ್ಮ. “ನಾನು ಇವ್ರ ಜೊತೆ ಮೇಲಕ್ಕೆ ಹೋಗ್ ಬತ್ತೀನಿ.”

ನಮ್ಮನ್ನು ಕೇಳಲೂ ಇಲ್ಲ. ಹಿಂದಿನ ಬಾಗಿಲು ತೆಗೆದು ಹತ್ತಿಯೇಬಿಟ್ಟರು.

ಉಳಿದ ದಾರಿಯಲ್ಲಿ ಫ್ಯಾನು ಇನ್ನೂ ಹಲವು ಸಲ ಎದ್ದು ಮಲಗಿತು. ಪ್ರತಿ ಸಲವೂ ಅಕ್ಕ ಪಾರ್ವತಮ್ಮನಿಗೆ ಅದನ್ನು ವಿವರಿಸಿದಳು, ವಾಲ್ವು, ಮೇಣ, ಕೂಲೆಂಟ್ ಸಮೇತ. ಒಂದು ಕಡೆ ಬಸ್ಸಿಗೆ ದಾರಿ ಬಿಡಲು ಕಡಿದಾದ ಏರಿನಲ್ಲೇ ನಿಂತು ಮತ್ತೆ ಹೊರಡಬೇಕಾಯಿತು. ಆಗಲೂ ಮುಳ್ಳು ಕೆಂಪು ಗೆರೆಯ ಹತ್ತಿರ ಸುಳಿಯಲಿಲ್ಲ. ರಸ್ತೆಯ ಪಕ್ಕದ ಮಣ್ಣು ಕೆಂಪಾಗುತ್ತ, ಹಿಂದೆ ಅದಿರು ತೆಗೆದ ಗುಡ್ಡಗಳ ಗಾಯ ಅಲ್ಲಲ್ಲಿ ಕಾಣುತ್ತ, ಮಧ್ಯಾಹ್ನದ ಹೊತ್ತಿಗೆ ನಾವು ಕೆಮ್ಮಣ್ಣುಗುಂಡಿಯಲ್ಲಿದ್ದೆವು.

ವ್ಯಾನು ನಿಲ್ಲಿಸಿ, ಪಾರ್ವತಮ್ಮನ ಕೈ ಹಿಡಿದುಕೊಂಡು ಮೆಟ್ಟಿಲು ಹತ್ತಿ ಕಣಿವೆಯಂಚಿಗೆ ಬಂದೆವು. ಏನೂ ಕಾಣಲಿಲ್ಲ. ಕಣಿವೆ ತುಂಬ ಬೆಳ್ಳಗಿನ ಮೋಡ. ಗಾಳಿ ಬೀಸಿದ್ದೇ ಅದು ಕೆಳಗಿನಿಂದ ಹೊಗೆಯಂತೆ ಎದ್ದು ನಮ್ಮ ಕಡೆಗೆ ನುಗ್ಗಿತು. ಅಕ್ಕ ಥಟ್ಟನೆ ಎರಡು ಹೆಜ್ಜೆ ಹಿಂದೆ ಸರಿದು ಬಲಗೈಯನ್ನು ಎದೆಗೆ ಅವುಚಿಕೊಂಡಳು. ನಾನು ಅವಳ ಪಕ್ಕಕ್ಕೆ ಹೋದೆ. ಮೋಡ ನಮ್ಮ ಮೇಲೆ ಹಾದುಹೋಯಿತು. ತಣ್ಣಗೆ, ಒದ್ದೆಯಾಗಿ, ಒಂದಿಷ್ಟೂ ಸದ್ದಿಲ್ಲದೆ. ಪಾರ್ವತಮ್ಮನೂ ಕಾಣದಷ್ಟು ಬೆಳ್ಳಗಾಯಿತು.

“ಇದೂ ಹಬೆನೇ ಅಲ್ವೇನೇ, ಸುಮಿ?”

ಹೌದು, ತಣ್ಣಗಿನ ಹಬೆ ಎಂದೆ. ಅವಳು ಎದೆಯಿಂದ ಕೈ ಬಿಡಿಸಿಕೊಂಡಳು. ಸೆರಗು ಸರಿಸಿ, ಆ ಸುಕ್ಕುಗಟ್ಟಿದ ಕೈಯನ್ನು ಮೋಡದೊಳಕ್ಕೆ ಚಾಚಿ ಹಿಡಿದಳು. ಚರ್ಮದ ಮೇಲೆ ಸಾಸಿವೆಗಿಂತ ಸಣ್ಣ ಹನಿಗಳು ಕೂತವು. ಅವಳು ಅವನ್ನು ಒರೆಸಲಿಲ್ಲ. ಅಳುತ್ತಿದ್ದಳೋ, ಮೋಡಕ್ಕೆ ಮುಖ ಒದ್ದೆಯಾಗಿತ್ತೋ, ಹೇಳಲಾರೆ.

ಆಮೇಲೆ ಮೋಡ ಹರಿಯಿತು. ಕಾಲ ಕೆಳಗೆ ಹಸಿರು ಗುಡ್ಡಗಳು ಒಂದರ ಬೆನ್ನಿಗೊಂದು ಇಳಿದುಹೋದವು. ಅವುಗಳಾಚೆ ಬಯಲು, ಬಯಲಿನಲ್ಲಿ ಒಡೆದ ಕನ್ನಡಿಯ ಚೂರಿನಂಥ ಕೆರೆಗಳು. ಎಲ್ಲಿ ಯಾವ ಊರು ಎಂದು ಗುರುತಿಸಲು ನೋಡಿದೆವು, ಆಗಲಿಲ್ಲ. ನಾವು ವಾರವಿಡೀ ಸುತ್ತುವ ಸಂತೆಗಳು, ರಸ್ತೆಗಳು, ಗಿರಾಕಿಗಳ ಜೊತೆಗಿನ ಚೌಕಾಸಿ ಎಲ್ಲ ಆ ಮಬ್ಬಿನೊಳಗೆ ಎಲ್ಲೋ ಇದ್ದವು. ಪಾರ್ವತಮ್ಮ ಕಲ್ಲುಬೆಂಚಿನ ಮೇಲೆ ಕೂತು ಬಹಳ ಹೊತ್ತು ನೋಡಿದರು. ಇಷ್ಟೆಲ್ಲ ಇತ್ತು ಅಂತ ಯಾರೂ ನನಗೆ ಹೇಳಲೇ ಇಲ್ಲವಲ್ಲ ಎಂದು, ಯಾರಿಗೂ ಅಲ್ಲದೆ, ಮೆಲ್ಲಗೆ ಹೇಳಿಕೊಂಡರು. ಗಾಳಿ ಜೋರಾದಾಗ ಅಕ್ಕ ತನ್ನ ಶಾಲನ್ನು ಅವರಿಗೆ ಹೊದಿಸಿದಳು.

ಮಧ್ಯಾಹ್ನ ಇಳಿಯುತ್ತಿದ್ದಂತೆ ನಾವೂ ಇಳಿದೆವು. ಲಿಂಗದಹಳ್ಳಿಯಲ್ಲಿ ಲೋಕೇಶ ಗ್ಯಾರೇಜೊಂದರ ಮುಂದೆ ಕಾಯುತ್ತಿದ್ದ. ಕಾರಿಗೆ ಹೊಸ ಪಂಪ್ ಬೇಕು, ಅದು ಬರುವುದು ಮರುದಿನ. ಅವ್ವ ಮಗ ಇಬ್ಬರನ್ನೂ ಹತ್ತಿಸಿಕೊಂಡು ತರೀಕೆರೆ ಮೇಲೆ ಅಜ್ಜಂಪುರಕ್ಕೆ ಬಂದೆವು. ಅಲ್ಲಿಂದ ಶಿವನಿಗೆ ಅವರಿಗೆ ಬಸ್ಸಿತ್ತು. ಪಾರ್ವತಮ್ಮ ಬಸ್ಸು ಹತ್ತುವ ಮುಂಚೆ ಅಕ್ಕನ ಬಲಗೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡು ಕಣ್ಣಿಗೊತ್ತಿಕೊಂಡರು.

ಬಸ್ಸು ಹೋದ ಮೇಲೆ ರಸ್ತೆಯ ಪಕ್ಕದಲ್ಲೇ ಟೀ ಕುಡಿದೆವು. ಪಶ್ಚಿಮಕ್ಕೆ ಬೆಟ್ಟದ ಸಾಲು ಪೂರ್ತಿ ಕಾಣುತ್ತಿತ್ತು. ಅದರ ಬೆನ್ನಿಗೆ ಸೂರ್ಯ ಇಳಿದಿದ್ದ. ಇಷ್ಟು ವರ್ಷ ಈ ಸಂತೆಗೆ ಬಂದಿದ್ದೇವೆ, ಆ ಸಾಲು ಅಲ್ಲೇ ಇತ್ತು, ನಾವು ಬಟ್ಟೆ ಮಡಿಚುತ್ತ ಕೂತಿರುತ್ತಿದ್ದೆವು. ಅಕ್ಕ ಲೋಟ ಹಿಡಿದುಕೊಂಡೇ ರಸ್ತೆ ದಾಟಿ, ಮನೆಗಳ ಮರೆಯಿಲ್ಲದ ಜಾಗಕ್ಕೆ ಹೋಗಿ ನಿಂತಳು. ನಾನೂ ಹೋದೆ. ಬೆಟ್ಟ ನೀಲಿಯಿಂದ ಕಪ್ಪಿಗೆ ತಿರುಗುತ್ತಿತ್ತು. ಅತಿ ಎತ್ತರದ ಅಂಚಿನಲ್ಲಿ ಮಾತ್ರ ಇನ್ನೂ ಬೆಳಕಿತ್ತು.

“ಅಷ್ಟೆತ್ತರ ಹೋಗಿದ್ವೇನೇ ನಾವು?” ಎಂದು ಕೇಳಿದಳು.

ಹೋಗಿದ್ದೆವು ಎಂದೆ. ಆ ಬೆಳಕೂ ಆರುವವರೆಗೆ ಅವಳು ಅಲ್ಲಿಂದ ಕದಲಲಿಲ್ಲ. ಲೋಟದಲ್ಲಿ ಟೀ ಹಾಗೇ ಆರಿಹೋಗಿತ್ತು.