ನಾಲ್ಕು ಹೆಸರಿನ ಟಿಕೆಟ್

ಕೋವಿಡ್ ಮುಗಿದು ಜನ ಮತ್ತೆ ಧೈರ್ಯವಾಗಿ ಊರೂರು ಸುತ್ತಲು ಹೊರಟಿದ್ದ ಕಾಲ. ಅದು ಎರಡನೇ ವರ್ಷದ ದಸರಾ ರಜೆ. ಮತ್ತಿಕೆರೆಯ ಮುಖ್ಯರಸ್ತೆಯಲ್ಲಿ ನಾನು ನಡೆಸುತ್ತಿದ್ದ ಟ್ರಾವೆಲ್ ಏಜೆನ್ಸಿಗೆ ಅಷ್ಟು ಹೊತ್ತಿಗೆ ಎರಡು ದಶಕ ತುಂಬಿತ್ತು. ಗಾಜಿನ ಬಾಗಿಲಿನ ಸಣ್ಣ ಮಳಿಗೆ, ಹಿಂದೆ ಒಂದು ಕೋಣೆ, ಎರಡು ಕಂಪ್ಯೂಟರ್. ಕೆಲಸಕ್ಕಿದ್ದವರು ನಾವಿಬ್ಬರೇ. ನಾನು, ಮತ್ತು ಟಿಕೆಟಿಂಗ್ ನೋಡಿಕೊಳ್ಳುತ್ತಿದ್ದ ಆರ್.ಟಿ. ನಗರದ ಇಮ್ರಾನ್. ಕಂಪನಿ ಕೆಲಸದ ಮೇಲೆ ಓಡಾಡುವವರು ನಮ್ಮಲ್ಲಿಗೆ ಬರುತ್ತಿರಲಿಲ್ಲ. ವರ್ಷಕ್ಕೊಮ್ಮೆ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಹೊರಡುವ ಕುಟುಂಬಗಳೇ ನಮ್ಮ ಗಿರಾಕಿಗಳು.

ಆ ವರ್ಷ ಕಡಿಮೆ ದರದ ಹೊಸ ವಿಮಾನ ಕಂಪನಿಯೊಂದು ಬಂದಿತ್ತು. ಅದರ ಹೆಸರು ಇಲ್ಲಿ ಬೇಡ. ರಜೆಯ ದಿನಗಳಲ್ಲಿ ಬೇರೆಯವರು ಕೇಳುವ ದರ ನೋಡಿದರೆ ಇವರದು ಬಿಟ್ಟಿ ಅನ್ನಿಸುತ್ತಿತ್ತು. ಆದರೆ ಹೊತ್ತಿಗೆ ಸರಿಯಾಗಿ ಹಾರಿದ್ದು ಕಡಿಮೆ. ಒಮ್ಮೆ ವಿಮಾನವಿಲ್ಲ, ಒಮ್ಮೆ ಪೈಲಟ್ ಇಲ್ಲ. ಇದನ್ನು ನಾನು ಪ್ರತಿಯೊಬ್ಬರಿಗೂ ಬಾಯಿಬಿಟ್ಟು ಹೇಳಿಯೇ ಟಿಕೆಟ್ ಕೊಡುತ್ತಿದ್ದೆ.

ಹಾಗೆ ಹೇಳಿಸಿಕೊಂಡವರಲ್ಲಿ ಯಲಹಂಕದ ಸವಿತಾ ಒಬ್ಬಳು. ಮನೆಯಲ್ಲೇ ಬ್ಲೌಸ್ ಹೊಲಿಯುವ ಹೆಣ್ಣುಮಗಳು. ವಿಮಾನಗಳು ತಲೆಯ ಮೇಲೇ ಇಳಿಯುವ ಆ ಊರಿನಲ್ಲಿ ಹುಟ್ಟಿ ಬೆಳೆದ ಅವಳ ಇಬ್ಬರು ಹೆಣ್ಣುಮಕ್ಕಳು ಒಮ್ಮೆಯೂ ವಿಮಾನ ಹತ್ತಿರಲಿಲ್ಲ. ಹೊಲಿಗೆಯ ಸಂಪಾದನೆಯಲ್ಲಿ ಉಳಿಸಿದ್ದನ್ನು ತಂದು ದೆಹಲಿ, ಆಗ್ರಾಕ್ಕೆ ಐದು ಟಿಕೆಟ್ ಮಾಡಿಸಿದಳು. ಅವಳು, ಗಂಡ ನಾಗರಾಜ, ಇಬ್ಬರು ಮಕ್ಕಳು, ಅತ್ತೆ ಗಂಗಮ್ಮ.

"ಲೇಟಾದ್ರೆ ಕಾಯ್ತೀವಿ ಮೇಡಂ. ಬೇರೆಯವರ ರೇಟು ನಮ್ ಕೈಗೆಟ್ಟಲ್ಲ," ಅಂದಿದ್ದಳು.

ಅವರು ಹೊರಡಬೇಕಿದ್ದ ಹಿಂದಿನ ದಿನ ಬೆಳಿಗ್ಗೆ ಆ ಕಂಪನಿ ತನ್ನ ಎಲ್ಲ ವಿಮಾನಗಳನ್ನೂ ರದ್ದು ಮಾಡಿತು. ಕಾರಣಕ್ಕೆ ಎರಡೇ ಪದ: 'ಆಪರೇಷನಲ್ ರೀಸನ್ಸ್'. ಹಣ ವಾಪಸ್ಸು ಅನ್ನುವ ಮಾತಿಲ್ಲ. ಟಿಕೆಟ್ಟಿನ ಮೊತ್ತವನ್ನು 'ಕ್ರೆಡಿಟ್ ಶೆಲ್'ನಲ್ಲಿ ಇಟ್ಟಿದ್ದೇವೆ ಎಂದಿದ್ದರು. ಅಂದರೆ ಅದೇ ಕಂಪನಿಯ ವಿಮಾನದಲ್ಲಿ ಮುಂದೆಂದೋ ಹೋಗುವಾಗ ಬಳಸಿಕೊಳ್ಳಬಹುದಾದ ಮೊತ್ತ. ಹಾರುವುದನ್ನೇ ನಿಲ್ಲಿಸಿದ ಕಂಪನಿಯ ಕ್ರೆಡಿಟ್ ಇಟ್ಟುಕೊಂಡು ಯಾರು ಏನು ಮಾಡಬೇಕು?

ನಾನು ಶಟರ್ ಎತ್ತುವಷ್ಟರಲ್ಲಿ ಬಾಗಿಲ ಮುಂದೆ ಜನ ನಿಂತಿದ್ದರು. ಸ್ವಲ್ಪ ಹೊತ್ತಿನಲ್ಲಿ ಫುಟ್‌ಪಾತ್ ತುಂಬಿ ರಸ್ತೆಗೆ ಇಳಿಯಿತು ಗುಂಪು. ಕಂಪನಿಯ ಕಾಲ್ ಸೆಂಟರ್ ಫೋನ್ ಎತ್ತುತ್ತಿಲ್ಲ, ವಿಮಾನ ನಿಲ್ದಾಣದ ಕೌಂಟರ್‌ನಲ್ಲಿ ಯಾರೂ ಇಲ್ಲ. ಕಣ್ಣೆದುರು ಸಿಕ್ಕವರು ನಾವಿಬ್ಬರೇ.

"ದುಡ್ಡು ತಗೊಂಡಿದ್ದು ನೀವು ತಾನೆ? ನೀವೇ ಕೊಡ್ರೀ!"

"ಎಲ್ಲಾ ಸೇರ್ಕೊಂಡು ಮಾಡಿರೋ ಮೋಸ ಕಣ್ರೀ ಇದು!"

ಇಮ್ರಾನ್ ಬಾಗಿಲಿಗೆ ಅಡ್ಡ ನಿಂತು ಒಬ್ಬೊಬ್ಬರಾಗಿ ಬನ್ನಿ ಎಂದು ಕೈಮುಗಿಯುತ್ತಿದ್ದ. ಹಿಂದಿನಿಂದ ಯಾರೋ ಫುಟ್‌ಪಾತಿನ ಕಿತ್ತ ಟೈಲ್ ಒಂದನ್ನು ಬೀಸಿದರು. ಬಾಗಿಲಿನ ಗಾಜು ಒಮ್ಮೆಗೇ ಪುಡಿಯಾಗಿ ನೆಲಕ್ಕೆ ಸುರಿಯಿತು. ಆ ಸದ್ದಿಗೆ ಜನ ಹಿಂದೆ ಸರಿಯುತ್ತಾರೆ ಅಂದುಕೊಂಡೆ. ಆದದ್ದು ಉಲ್ಟಾ. ಒಳಕ್ಕೆ ನುಗ್ಗಿದರು. ಪ್ರಿಂಟರ್ ಎತ್ತಿ ಕುಕ್ಕಿದರು. ಜೀನ್ಸ್ ಪ್ಯಾಂಟಿನ ಗಂಡಸೊಬ್ಬ ಇಮ್ರಾನ್‌ನ ಕಾಲರ್ ಹಿಡಿದು ಗೋಡೆಗೆ ಒತ್ತಿ, ಇನ್ನೊಂದು ಕೈಯಲ್ಲಿದ್ದ ಹೆಲ್ಮೆಟ್‌ನಿಂದ ಅವನ ಹಣೆಗೆ ಹೊಡೆದ. ಮತ್ತೆ ಹೊಡೆದ. ರಕ್ತ ಹುಬ್ಬಿನ ಮೇಲಿಂದ ಹರಿದು ಕಣ್ಣು ಮುಚ್ಚಿತು.

"ಮೇಡಂ, ಒಳಗ್ ಹೋಗಿ! ನೀವು ಒಳಗ್ ಹೋಗಿ!" ಎಂದು ಅವನು ಕೂಗುತ್ತಲೇ ಇದ್ದ.

ಪೊಲೀಸರ ನೂರು ನಂಬರ್ ಹೋಗಿ ಈಗ ನೂರಾ ಹನ್ನೆರಡು ಬಂದಿದೆ ಅನ್ನುವುದೂ ನೆನಪಾಗದೆ ಹಳೇ ನಂಬರನ್ನೇ ಒತ್ತಿದೆ. ಹೇಗೋ ತಾಗಿತು. ಬರುತ್ತೇವೆ ಅಂದರು.

ಆ ಗಲಾಟೆಯ ನಡುವೆ ಸವಿತಾ ತನ್ನ ಅತ್ತೆಯ ಕೈಹಿಡಿದು ಒಳಗೆ ಬಂದು ಕೌಂಟರಿನ ಮೂಲೆಗೆ ಅಂಟಿಕೊಂಡು ನಿಂತಿದ್ದಳು. ಅವಳು ಬೈಯಲಿಲ್ಲ, ಅಳಲಿಲ್ಲ. "ಅಕ್ಕಾ, ಬೇರೆ ಏನಾದ್ರೂ ದಾರಿ ಇದ್ಯಾ? ಎಲ್ಲಿಗಾದ್ರೂ ಸರಿ," ಎಂದಳು. ನಾನು ಉತ್ತರ ಕೊಡುವ ಮೊದಲೇ ಅವಳ ಗಂಡ ಬಂದ.

ನಾಗರಾಜನನ್ನು ನಾನು ನೋಡಿದ್ದು ಅದೇ ಮೊದಲು. ರಾಜಾನುಕುಂಟೆ ಕಡೆಯ ಹೊಸ ಬಡಾವಣೆಗಳಿಗೆ ಜಲ್ಲಿ, ಮರಳು ಸಪ್ಲೈ ಮಾಡುವವನು. ಜನರನ್ನು ತಳ್ಳಿಕೊಂಡು ನೆಟ್ಟಗೆ ಹೆಂಡತಿಯ ಮುಂದೆ ಬಂದು ನಿಂತ. ನನ್ನ ಕಡೆ ನೋಡಲೂ ಇಲ್ಲ.

"ಹೇಳ್ದೆ ತಾನೆ ನಿಂಗೆ? ಹೇಳ್ದೆ ತಾನೆ? ದೊಡ್ ಪ್ಲ್ಯಾನ್ ಮಾಡಕ್ ಬಂದ್ಳು!"

ಕೆನ್ನೆಗೆ ಬಾರಿಸಿದ. ಅವಳು ಪಕ್ಕಕ್ಕೆ ವಾಲಿದಾಗ ಜಡೆ ಹಿಡಿದು ಎಳೆದು ಮುಖವನ್ನು ಕೌಂಟರಿನ ಅಂಚಿಗೆ ಬಡಿದ. ಅವಳ ತುಟಿ ಸೀಳಿತು. ಅಷ್ಟು ಹೊತ್ತು ಹೊಡಿ ಬಡಿ ಅನ್ನುತ್ತಿದ್ದ ಗುಂಪು ಒಮ್ಮೆಗೇ ಸುಮ್ಮನಾಯಿತು. ನಮ್ಮ ಗಾಜು ಒಡೆದವರು, ಪ್ರಿಂಟರ್ ಕುಕ್ಕಿದವರು, ಹೆಲ್ಮೆಟ್ ಹಿಡಿದವನು, ಎಲ್ಲರೂ ನಿಂತಲ್ಲೇ ನಿಂತರು. "ಮನೆ ವಿಷ್ಯ ಮನೇಲ್ ನೋಡ್ಕೊಳ್ರೀ," ಎಂದಿತು ಒಂದು ದನಿ. ಅಷ್ಟೇ.

ಅವನು ಮತ್ತೆ ಕೈ ಎತ್ತಿದಾಗ ಮೇಜಿನ ಮೇಲಿದ್ದ ಸ್ಟೀಲ್ ನೀರಿನ ಬಾಟಲಿ ನನ್ನ ಕೈಗೆ ಬಂದಿತ್ತು. ಅವನ ಮುಂಗೈಗೆ ಬೀಸಿ ಹೊಡೆದೆ. ಮೂಳೆಗೆ ತಾಗಿದ್ದು ನನ್ನ ಭುಜದವರೆಗೂ ತಿಳಿಯಿತು. ಅವನು ಜಡೆ ಬಿಟ್ಟ. ನಾನು ಇನ್ನೊಂದು ಕೊಟ್ಟೆ. ಆ ಎರಡನೆಯದರ ಅಗತ್ಯವಿರಲಿಲ್ಲ. ಬೆಳಗ್ಗಿನಿಂದ ನುಂಗಿಕೊಂಡಿದ್ದ ಸಿಟ್ಟೆಲ್ಲ ಅದರಲ್ಲಿತ್ತು.

ಹೊರಗೆ ಪೊಲೀಸ್ ಜೀಪಿನ ಸದ್ದು ಕೇಳಿ ಗುಂಪು ಚದುರಿತು. ನಾಗರಾಜ ಕೈ ಹಿಡಿದುಕೊಂಡು ಹೊರಗೆ ಹೋಗುತ್ತ ಹೆಂಡತಿಯ ಕಡೆ ತಿರುಗಿದ. "ಅದ್ ಹೆಂಗ್ ಟ್ರಿಪ್ ಹೋಗ್ತೀಯ ನಾನೂ ನೋಡ್ತೀನಿ."

ದೂರು ಕೊಡುತ್ತೀರಾ ಎಂದು ಪೊಲೀಸರು ಕೇಳಿದಾಗ ಸವಿತಾ ಬೇಡವೆಂದು ತಲೆ ಅಲ್ಲಾಡಿಸಿದಳು. ಮಕ್ಕಳು ಅವಳ ತಂಗಿಯ ಮನೆಯಲ್ಲಿದ್ದರು. ಅವರಿಗೆ ತಿಳಿಯಬಾರದು, ಅಷ್ಟೇ ಅವಳ ಮಾತು. ಇಮ್ರಾನ್‌ನನ್ನು ಪಕ್ಕದ ಅಂಗಡಿಯವರು ಆಸ್ಪತ್ರೆಗೆ ಕರೆದೊಯ್ದರು. ನಾನು ಅತ್ತೆ ಸೊಸೆಯನ್ನು ಹಿಂದಿನ ಕೋಣೆಯಲ್ಲಿ ಕೂರಿಸಿ, ಒದ್ದೆ ಕರ್ಚೀಫು ಕೊಟ್ಟು, ಕಂಪ್ಯೂಟರ್ ಮುಂದೆ ಕೂತೆ. ನನಗೆ ಬರುತ್ತಿದ್ದ ಕೆಲಸ ಅದೊಂದೇ.

ದೆಹಲಿಗೆ ಬೇರೆ ವಿಮಾನಗಳ ದರ ಆಗಲೇ ಮೂರು ಪಟ್ಟಾಗಿತ್ತು. ರೈಲುಗಳಲ್ಲಿ ವೇಟಿಂಗ್ ಲಿಸ್ಟ್ ಕೂಡ ಮುಚ್ಚಿತ್ತು. ಆದರೆ ರಜೆಯ ಓಡಾಟಕ್ಕೆ ಒಂದು ದಿಕ್ಕಿರುತ್ತದೆ. ಮೊದಲ ದಿನಗಳಲ್ಲಿ ಬೆಂಗಳೂರಿನಿಂದ ಹೊರಹೋಗುವ ವಿಮಾನಗಳು ತುಂಬಿ ತುಳುಕಿದರೆ, ಅದೇ ದಿನಗಳಲ್ಲಿ ಬೆಂಗಳೂರಿಗೆ ಬರುವವು ಅರ್ಧ ಖಾಲಿ. ಖಾಲಿ ಸೀಟು ಅಗ್ಗ. ಹಾಗಾಗಿ ಹತ್ತಿರದ ಊರೊಂದಕ್ಕೆ ರೈಲಿನಲ್ಲಿ ಹೋಗಿ, ಎಲ್ಲರೂ ಹಿಂತಿರುಗುವ ಮೊದಲೇ ವಿಮಾನದಲ್ಲಿ ಬಂದುಬಿಡಬೇಕು. ಯಶವಂತಪುರದಿಂದ ಹೈದರಾಬಾದಿಗೆ ಮರುದಿನ ಸಂಜೆ ರೈಲು. ಅಲ್ಲಿ ಚಾರ್‌ಮಿನಾರ್, ಗೋಲ್ಕೊಂಡ. ವಾರದ ಮಧ್ಯೆ ಬೇರೆ ಕಂಪನಿಯ ವಿಮಾನದಲ್ಲಿ ವಾಪಸ್. ಹಾರಾಟ ಒಂದು ಗಂಟೆಯದಾದರೂ ಮಕ್ಕಳ ಪಾಲಿಗೆ ಅದೂ ವಿಮಾನವೇ.

ಸವಿತಾ ಸೀಳಿದ ತುಟಿಯ ಮೇಲೆ ಕರ್ಚೀಫು ಒತ್ತಿಕೊಂಡೇ ಆಗಲಿ ಎಂದು ತಲೆಯಾಡಿಸಿದಳು.

ಉಳಿದದ್ದು ತತ್ಕಾಲ್. ಹೊರಡುವ ಹಿಂದಿನ ದಿನ ಬಿಡುವ ಕೊನೆಯ ಸೀಟುಗಳು. ಸ್ಲೀಪರ್ ದರ್ಜೆಗೆ ಹನ್ನೊಂದು ಗಂಟೆಗೆ ತೆರೆಯುತ್ತದೆ. ತೆರೆದ ಮೊದಲ ಕೆಲವು ನಿಮಿಷ ಏಜೆಂಟರು ಬುಕ್ ಮಾಡುವಂತಿಲ್ಲ, ಪ್ರಯಾಣಿಕರೇ ಮಾಡಿಕೊಳ್ಳಬೇಕು. ಅವಳ ಫೋನಿನಲ್ಲಿ ಅವಳದೇ ಖಾತೆ ತೆರೆಸಿ, ಹೆಸರುಗಳನ್ನು ಮೊದಲೇ ತುಂಬಿಟ್ಟುಕೋ ಎಂದೆ.

"ಒಂದು ಟಿಕೆಟ್‌ಗೆ ನಾಲ್ಕೇ ಹೆಸರು ಹಾಕೋಕಾಗೋದು ಸವಿತಾ. ಐದನೆಯವರಿಗೆ ಇನ್ನೊಂದು ಬುಕ್ ಮಾಡ್ಬೇಕು. ಅಷ್ಟರಲ್ಲಿ ಸೀಟು ಇರತ್ತೋ ಇಲ್ವೋ ಹೇಳಕ್ಕಾಗಲ್ಲ."

ಅವಳು ಮಕ್ಕಳ ಹೆಸರು ಹಾಕಿದಳು. ತನ್ನದು ಹಾಕಿದಳು. ನಾಲ್ಕನೆಯದಕ್ಕೆ ಬೆರಳು ನಿಂತಿತು. "ಅತ್ತೇ, ಅವ್ರನ್ನ ಬಿಟ್ಟು ಹೋದ್ರೆ..."

ಅಲ್ಲಿಯವರೆಗೆ ಗಂಗಮ್ಮ ಸೊಸೆಯ ಸೆರಗಿನ ಮೇಲಿನ ರಕ್ತವನ್ನೇ ನೋಡುತ್ತ ಕೂತಿದ್ದರು.

"ನಾಕೇ ಸಾಕು ಕಣವ್ವ," ಎಂದರು. "ನಂದು ಆಕು."

ಹನ್ನೊಂದಾದ ಮೇಲೆ ಕೆಲವೇ ನಿಮಿಷದಲ್ಲಿ ಸೀಟುಗಳು ಮುಗಿದವು. ನಾಲ್ಕೂ ಕನ್‌ಫರ್ಮ್ ಆಗಿದ್ದವು. ದೆಹಲಿಯ ಖರ್ಚಿಗೆಂದು ಅವಳು ತೆಗೆದಿಟ್ಟಿದ್ದ ಹಣದಲ್ಲಿ ವಾಪಸ್ ವಿಮಾನದ ನಾಲ್ಕು ಸೀಟುಗಳನ್ನು ನಾನೇ ಬುಕ್ ಮಾಡಿದೆ. ಅವತ್ತು ಅವರು ಯಲಹಂಕಕ್ಕೆ ಹೋಗದೆ ತಂಗಿಯ ಮನೆಯಲ್ಲೇ ಉಳಿದರು.

ಮರುದಿನ ಅವರನ್ನು ರೈಲು ಹತ್ತಿಸಲು ನಾನು ಯಶವಂತಪುರ ಸ್ಟೇಷನ್‌ಗೆ ಹೋದೆ. ಗಿರಾಕಿಗಳನ್ನು ಹೀಗೆ ಬೀಳ್ಕೊಡುವ ಪದ್ಧತಿ ನನಗಿರಲಿಲ್ಲ. ಹಿಂದಿನ ದಿನ ನಾಗರಾಜ ಹೋಗುತ್ತ ಆಡಿದ ಮಾತು ತಲೆಯಿಂದ ಹೋಗಿರಲಿಲ್ಲ.

ಪ್ಲಾಟ್‌ಫಾರಂ ತುಂಬ ಜನ. ರೈಲು ಬಂದು ನಿಂತಿತ್ತು. ಸಣ್ಣವಳನ್ನು ಬೋಗಿಯೊಳಗೆ ಹತ್ತಿಸಿದೆವು, ದೊಡ್ಡವಳ ಕಾಲು ಮೆಟ್ಟಿಲ ಮೇಲಿತ್ತು. ತಂಗಿಯ ಮನೆಯಿಂದಲೇ ಹಿಂಬಾಲಿಸಿದ್ದನೋ ಏನೋ, ನಾಗರಾಜ ಹಿಂದಿನಿಂದ ಬಂದು ಅವಳ ತೋಳು ಹಿಡಿದು ಕೆಳಕ್ಕೆಳೆದ. ಮಗು ಮಂಡಿಯೂರಿ ಬಿತ್ತು. ಬಿಡಿಸಲು ಬಂದ ಸವಿತಾಳ ಹೊಟ್ಟೆಗೆ ಒದ್ದ. ಅವಳು ಸೂಟ್‌ಕೇಸಿನ ಮೇಲೆ ಮುದುಡಿ ಬಿದ್ದಳು. ನಡುವೆ ಬಂದ ತಾಯಿಯನ್ನು ಎರಡೂ ಕೈಯಿಂದ ನೂಕಿದ. ಗಂಗಮ್ಮನ ತಲೆ ಕಬ್ಬಿಣದ ಕಂಬಕ್ಕೆ ತಾಗಿದ ಸದ್ದು ಆ ಗದ್ದಲದಲ್ಲೂ ಕೇಳಿಸಿತು.

ಹಿಂದಿನ ದಿನದ ಗುಂಪು ಸುಮ್ಮನೆ ನಿಂತಿತ್ತು. ಇಲ್ಲಿನ ಗುಂಪು ನಿಲ್ಲಲಿಲ್ಲ. "ಹೆತ್ ತಾಯೀನ ಹೊಡೀತೀಯೇನೋ!" ಎಂದು ಪೋರ್ಟರ್ ಒಬ್ಬ ಅವನ ಕತ್ತು ಹಿಡಿದ. ಕ್ಷಣದಲ್ಲಿ ಹತ್ತಾರು ಕೈ, ಹತ್ತಾರು ಕಾಲು. ಯಾರೋ ಬೆಲ್ಟ್ ಬಿಚ್ಚಿದರು. ಅವನು ನೆಲಕ್ಕೆ ಬಿದ್ದ ಮೇಲೂ ತುಳಿದರು. ಬಾಯಿ ತುಂಬ ರಕ್ತ, ಒಂದು ಕಣ್ಣು ಮುಚ್ಚಿಹೋಗಿತ್ತು. ಬೇಡ ಬೇಡ ಎಂದು ಅವನು ಕೈ ಅಡ್ಡ ಹಿಡಿದರೂ ಯಾರೂ ಬಿಡಲಿಲ್ಲ. ಯಾರು ಈ ಹೆಂಗಸರು, ಏನು ಜಗಳ ಅನ್ನುವುದು ಅವರಲ್ಲಿ ಅರ್ಧ ಜನಕ್ಕೆ ತಿಳಿದಿರಲೂ ಇಲ್ಲ. ದೊಡ್ಡ ಮಗಳು ಕಿರುಚುತ್ತಿದ್ದಳು: "ನಮ್ಮಪ್ಪನ್ನ ಸಾಯಿಸ್ಬೇಡಿ! ಅಂಕಲ್, ಪ್ಲೀಸ್, ಸಾಯಿಸ್ಬೇಡಿ!"

ನನಗೆ ಹಿಂದಿನ ದಿನದ ಸ್ಟೀಲ್ ಬಾಟಲಿ ನೆನಪಾಯಿತು.

ರೈಲ್ವೆ ಪೊಲೀಸರು ಲಾಠಿ ಬೀಸುತ್ತ ಬಂದು ಅವನನ್ನು ಎಳೆದು ಹೊರತೆಗೆದರು. ಮಹಿಳಾ ಕಾನ್‌ಸ್ಟೇಬಲ್ ಒಬ್ಬರು ನಮ್ಮ ಹತ್ತಿರ ಬಂದರು. "ದೂರು ಯಾರು ಕೊಡ್ತೀರಾ? ಕೊಟ್ರೆ ಇಟ್ಕೋತೀವಿ, ಇಲ್ಲಾಂದ್ರೆ ಸ್ವಲ್ಪ ಹೊತ್ತಲ್ಲಿ ಬಿಟ್ಬಿಡ್ತಾರೆ."

ಸಿಗ್ನಲ್ ಆಗಿತ್ತು. ಸವಿತಾ ಮಗಳ ಮಂಡಿ ಒರೆಸುತ್ತಿದ್ದವಳು ಎದ್ದು ನಿಂತಳು. "ನಾನ್ ಕೊಡ್ತೀನಿ. ಸಣ್ಣವಳನ್ನ ಇಳಿಸ್ಕೊಂಡ್ ಬರ್ತೀನಿ, ಇರಿ."

"ನೀನ್ ರೈಲ್ ಅತ್ತು," ಎಂದರು ಗಂಗಮ್ಮ. ಹಣೆಯ ಗಾಯಕ್ಕೆ ಸೆರಗು ಒತ್ತಿಕೊಂಡಿದ್ದರು, ಬೆರಳ ಸಂದಿಯಲ್ಲಿ ರಕ್ತ ಇಳಿಯುತ್ತಿತ್ತು. "ಒಡೆಸ್ಕೊಂಡಿದ್ದು ನಾನೂವೆ. ನಾನ್ ಬರೆಸ್ತೀನಿ."

"ಅತ್ತೇ, ನಿಮ್ಮನ್ನ ಇಂಥಾ ಸ್ಥಿತೀಲಿ ಬಿಟ್ಟು..."

"ಮೇಡಮ್ಮೋರು ಅವ್ರೆ ನನ್ ಜೊತೆ. ಇವತ್ ನೀನ್ ಇಳುದ್ರೆ ಇನ್ ಯಾವತ್ತೂ ಅತ್ತಕಿಲ್ಲ. ಓಗು."

ರೈಲು ಅಲುಗಿತು. ನಾನು ದೊಡ್ಡವಳನ್ನು ಹತ್ತಿಸಿ ಸೂಟ್‌ಕೇಸನ್ನು ಒಳಕ್ಕೆ ತಳ್ಳಿದೆ. ಸವಿತಾ ಹತ್ತಿ ಬಾಗಿಲ ಕಂಬಿ ಹಿಡಿದು ಅತ್ತೆಯನ್ನೇ ನೋಡುತ್ತಿದ್ದಳು. ದೊಡ್ಡ ಮಗಳು ಮಾತ್ರ ಪೊಲೀಸರು ಅಪ್ಪನನ್ನು ಕರೆದೊಯ್ದ ದಿಕ್ಕಿಗೆ ತಿರುಗಿದ್ದಳು.

ಗಂಗಮ್ಮನ ಗಾಯಕ್ಕೆ ಹೊಲಿಗೆ ಹಾಕಿಸಿ ಠಾಣೆಗೆ ಕರೆದುಕೊಂಡು ಹೋದೆ. ಬರೆದುಕೊಳ್ಳುತ್ತಿದ್ದವರು ಆರೋಪಿ ಏನಾಗಬೇಕು ಎಂದು ಕೇಳಿದರು. "ನನ್ ಮಗ," ಎಂದರು. ಹಿಂದಿನ ದಿನ ಸೊಸೆಗೆ ಹೊಡೆದದ್ದನ್ನೂ, ಅದಕ್ಕೂ ಹಿಂದಿನ ವರ್ಷಗಳದ್ದನ್ನೂ ಹೇಳಿದರು. ಧ್ವನಿ ಒಮ್ಮೆಯೂ ಒಡೆಯಲಿಲ್ಲ. ಆಟೊ ಹತ್ತಿದ ಮೇಲೆ ಮಾತ್ರ ನನ್ನ ಭುಜಕ್ಕೆ ಮುಖ ಒತ್ತಿ ಯಲಹಂಕ ಬರುವವರೆಗೂ ಅತ್ತರು.

ನಾಗರಾಜನಿಗೆ ಜಾಮೀನು ಸಿಕ್ಕಿತು. ಆದರೆ ಆ ಮನೆ ಗಂಗಮ್ಮನ ಹೆಸರಿನಲ್ಲಿತ್ತು, ಅವರು ಬಾಗಿಲು ತೆರೆಯಲಿಲ್ಲ. ಅವನು ರಾಜಾನುಕುಂಟೆಯಲ್ಲಿ ಬೇರೆ ಇದ್ದಾನೆ. ಪ್ರಕರಣ ಇನ್ನೂ ನಡೆಯುತ್ತಿದೆ. ದೊಡ್ಡ ಮಗಳು ತಿಂಗಳುಗಟ್ಟಲೆ ಅಜ್ಜಿಯ ಜೊತೆ ಮಾತು ಬಿಟ್ಟಿದ್ದಳಂತೆ. ಇಮ್ರಾನ್ ಹಣೆಯ ಗಾಯ ಮಾಯ್ದ ಮೇಲೆ ಬಂದು, ಮನೆಯಲ್ಲಿ ಬೇಡ ಅಂತಿದ್ದಾರೆ ಮೇಡಂ ಎಂದು ಕೆಲಸ ಬಿಟ್ಟ. ಅವನಿಗೆ ಹೊಡೆದವನು ಯಾರು ಎಂದು ಇವತ್ತಿಗೂ ಗೊತ್ತಾಗಿಲ್ಲ.

ಗಂಗಮ್ಮನ ವಿಮಾನದ ಸೀಟು ಖಾಲಿಯೇ ಬಂತು. ಆ ಟಿಕೆಟ್ಟಿನಲ್ಲಿ ಹೆಸರು ಬದಲಿಸಲು ಬರುವುದಿಲ್ಲ, ರದ್ದು ಮಾಡಲು ಗಂಗಮ್ಮ ಒಪ್ಪಲಿಲ್ಲ. ಟೇಕಾಫ್‌ಗೆ ಮುಂಚೆ ಸಣ್ಣವಳು ಆ ಖಾಲಿ ಸೀಟಿನ ಬೆಲ್ಟನ್ನೂ ಹಾಕಿದಳು ಎಂದು ಸವಿತಾ ಹೇಳಿದಳು.

ಈ ಕಸುಬಿಗೆ ಬಂದ ಹೊಸದರಲ್ಲಿ ಪರ್ಯಾಯ ಹುಡುಕುವುದೆಂದರೆ ದಿನಾಂಕ, ದಾರಿ, ದರ ಹೊಂದಿಸುವುದು ಅಂದುಕೊಂಡಿದ್ದೆ. ರದ್ದಾದ ಪ್ರಯಾಣದ ಸಿಟ್ಟು ವಿಮಾನ ಕಂಪನಿಯ ಬಾಗಿಲಿಗೆ ಹೋಗುವುದಿಲ್ಲ, ಕೈಗೆ ಸಿಕ್ಕವರ ಮೇಲೆ ಬೀಳುತ್ತದೆ ಎಂದು ಕಲಿತದ್ದು ಆ ಎರಡು ದಿನಗಳಲ್ಲಿ. ಈಗ ಟಿಕೆಟ್ ರದ್ದಾದರೆ ನಾನು ಎಲ್ಲರಿಗೂ ಮೆಸೇಜ್ ಹಾಕುವುದಿಲ್ಲ. ಬೇರೆ ದಾರಿಯೊಂದನ್ನು ಸಿದ್ಧಮಾಡಿಟ್ಟುಕೊಂಡು, ಬುಕ್ ಮಾಡಿದವರಿಗೇ ಫೋನ್ ಮಾಡುತ್ತೇನೆ. ಅದು ಹೆಂಗಸಾದರೆ ವಿಷಯ ತಿಳಿಸುವ ಮೊದಲು ಒಂದು ಮಾತು ಕೇಳುತ್ತೇನೆ: "ಈಗ ನಿಮ್ ಪಕ್ಕ ಯಾರಿದ್ದಾರಮ್ಮ?"