ಮೈಗೆ ಹತ್ತದ ಊಟ

ಮಾಯಸಂದ್ರದ ಬಸ್ ಸ್ಟ್ಯಾಂಡಿನ ಹಿಂದೆ ಡಾಕ್ಟರ್ ಭೀಮರಾಜು ಅವರ ಕ್ಲಿನಿಕ್ಕಿದೆ. ಹುಳಿಯಾರು ಕಡೆ ಕುರಿ ಸಾಕುವವರ ಮನೆಯಲ್ಲಿ ಹುಟ್ಟಿದವರು. ಮರಿ ಸೊರಗಿದರೆ ಮೊದಲು ಅದರ ಹಿಕ್ಕೆ ನೋಡಬೇಕು ಎಂದು ಅಪ್ಪನಿಂದ ಕಲಿತದ್ದನ್ನು ಮನುಷ್ಯರ ವಿಷಯದಲ್ಲೂ ಬಿಟ್ಟವರಲ್ಲ. ಅವರ ಮುಂದೆ ಕೂರುವವರು ನಾಚಿಕೆಯನ್ನು ಚಪ್ಪಲಿ ಜೊತೆ ಹೊರಗೇ ಬಿಟ್ಟು ಬರಬೇಕು.

ನಮ್ಮಣ್ಣನ ಮಗಳು ಇಂಪನಾ ಹನ್ನೊಂದು ವರ್ಷಕ್ಕೂ ಏಳರ ಮಗುವಿನಂತಿದ್ದಳು. ಹೊಟ್ಟೆ ಉಬ್ಬರ, ಆಗಾಗ ಭೇದಿ, ಬಿಳಿಚಿದ ಮುಖ. ನೆಂಟರಿಗೇನು, ಬಂದವರೆಲ್ಲ ಡಾಕ್ಟರೇ! ಜಂತುಹುಳ ಎಂದರು, ದೃಷ್ಟಿ ಎಂದರು. ಅವರ ಬಾಯಿಗೆ ಇಡೀ ಕೊಬ್ಬರಿ ತುರುಕುವಷ್ಟು ಸಿಟ್ಟು ಬರುತ್ತಿತ್ತು ನನಗೆ. ನಮ್ಮಮ್ಮ ದ್ರಾಕ್ಷಾಯಣಮ್ಮ, ರಾಗಿ ಮುದ್ದೆ ಮಗುವಿಗೆ ಭಾರ ಎಂದು ಬಿಡಿಸಿ, ಬ್ರೆಡ್ಡು, ರಸ್ಕು, ಗೋಧಿ ನುಚ್ಚಿನ ಗಂಜಿ ಕೊಡುತ್ತಿದ್ದರು. ಕಾಯಿಲೆಯವರಿಗೆ ನಮ್ಮ ಕಡೆ ಎಲ್ಲರೂ ಮಾಡುವುದು ಅದನ್ನೇ. ಕೊಟ್ಟಷ್ಟೂ ಅವಳು ಸೊರಗಿದಳು. ಮಗಳು ಉಳಿಯುತ್ತಾಳೋ ಇಲ್ಲವೋ ಎಂದು ಅತ್ತಿಗೆ ಜೀವಿತಾ ಕಣ್ಣೀರು ಹಾಕದ ದಿನವಿಲ್ಲ.

ಒಂದು ಬೆಳಿಗ್ಗೆ ಇಂಪನಾ ಬಚ್ಚಲ ಹತ್ತಿರ ಕಾಲು ಜಾರಿ ಕೂತಳು, ಅಷ್ಟಕ್ಕೇ ಕೈ ಮೂಳೆ ಮುರಿಯಿತು. ನಾನು, ಅಮ್ಮ ಅವಳನ್ನು ಎತ್ತಿಕೊಂಡು ಭೀಮರಾಜು ಅವರಲ್ಲಿಗೆ ಓಡಿದೆವು. ಕೈಗೆ ಪಟ್ಟಿ ಕಟ್ಟಿದವರು ನಮ್ಮನ್ನು ಅಷ್ಟಕ್ಕೇ ಬಿಡಲಿಲ್ಲ. ಅವಳ ಕಣ್ಣಿನ ರೆಪ್ಪೆ ಎಳೆದು ನೋಡಿದರು, ಹೊಟ್ಟೆ ತಟ್ಟಿದರು.

"ಊಟ ಮಾಡ್ತಾಳೇನಜ್ಜಿ?"

"ಮಾಡ್ತಾಳೆ ಕಣಪ್ಪ. ತಿಂದಿದ್ದು ಮೈಗೆ ಹತ್ತಲ್ಲ."

ಈ ಮಾತನ್ನು ಎಷ್ಟು ಜನರ ಮುಂದೆ ಹೇಳಿದ್ದೆವೋ. ಎಲ್ಲರೂ ಹೂಂಗುಟ್ಟಿ ಟಾನಿಕ್ ಕೊಟ್ಟಿದ್ದರು. ಇವರು ಪೆನ್ನು ಕೆಳಗಿಟ್ಟರು.

"ಹತ್ತದೇ ಇದ್ದಿದ್ದು ಹೊರಗೆ ಹೋಗ್ಬೇಕಲ್ಲಜ್ಜಿ. ಕಕ್ಕಸಲ್ಲಿ ತೇಲುತ್ತಾ? ಜಿಡ್ಡಿರುತ್ತಾ?"

ಅಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದರು. "ಥೂ, ಗಂಡುಮಕ್ಳ ಮುಂದೆ ಏನ್ ಕೇಳ್ತೀಯಪ್ಪ... ಹೂಂ, ಎಷ್ಟ್ ನೀರು ಹುಯ್ದ್ರೂ ಹೋಗಲ್ಲ."

ರಕ್ತ ಕಡಿಮೆಯಾದದ್ದು, ಬೆಳವಣಿಗೆ ನಿಂತದ್ದು, ಮೂಳೆ ಸವೆದದ್ದು ಬೇರೆ ಬೇರೆ ಕಾಯಿಲೆಗಳಲ್ಲ, ಕರುಳು ಊಟದ ಸಾರ ಹೀರಿಕೊಳ್ಳುತ್ತಿಲ್ಲ ಎಂದು ಅವರು ಬಿಡಿಸಿ ಹೇಳಿದರು. ಅನುಮಾನವಿದ್ದದ್ದು ಗೋಧಿಯ ಮೇಲೆ. ಆದರೆ ಪರೀಕ್ಷೆ ಮುಗಿಯುವ ತನಕ ಅದನ್ನು ನಿಲ್ಲಿಸಬೇಡಿ, ನಿಲ್ಲಿಸಿದರೆ ರೋಗ ಕಾಣದೆ ಹೋಗಬಹುದು ಎಂದು ತುಮಕೂರಿಗೆ ಕಳಿಸಿದರು. ರಕ್ತ ಪರೀಕ್ಷೆಯಲ್ಲೂ, ಕರುಳಿನ ಚೂರು ತೆಗೆದು ನೋಡಿದಾಗಲೂ ಅವರ ಅನುಮಾನವೇ ನಿಜವಾಯಿತು.

ವರದಿ ಹಿಡಿದು ಮತ್ತೆ ಭೀಮರಾಜು ಅವರಲ್ಲಿಗೆ ಬಂದಾಗ ಅಮ್ಮ ಹಣೆ ಚಚ್ಚಿಕೊಂಡರು. "ನನ್ ಕೈಯಾರೆ ವಿಷ ಉಣ್ಸಿದ್ನಲ್ಲಪ್ಪ!"

"ಹಂಗನ್ಬೇಡಿ. ಗೋಧಿ ನಿಮಗೆ ಒಳ್ಳೇದೇ, ಇವಳ ಕರುಳಿಗೆ ಆಗಲ್ಲ. ರವೆ, ಮೈದಾ, ಬಿಸ್ಕತ್ತು ಜೀವಮಾನ ಪೂರ್ತಿ ಬೇಡ. ಇವತ್ತು ನೀವೇ ಮುದ್ದೆ ಕಟ್ಟಿ ಉಣ್ಸಿ, ಅಜ್ಜಿ."

ಆಮೇಲಿನ ತಪಾಸಣೆಯೆಲ್ಲ ತುಮಕೂರಿನಲ್ಲೇ ನಡೆಯಿತು. ಮೂರು ವರ್ಷವಾದ ಮೇಲೆ, ಹೋದ ತಿಂಗಳು, ನನಗೆ ಜ್ವರ ಬಂದು ಭೀಮರಾಜು ಅವರಲ್ಲಿಗೆ ಹೋದೆ. ನನ್ನ ಜೊತೆ ಬಂದಿದ್ದ ಹುಡುಗಿಯನ್ನು ಪಕ್ಕಕ್ಕೆ ಸರಿಯಲು ಹೇಳಿ, ನಾಡಿ ಹಿಡಿಯುತ್ತಲೇ ಕೇಳಿದರು: "ನಮ್ಮ ಇಂಪನಾ ಹೆಂಗಿದಾಳ್ರೀ? ಆ ಮಗೂನ ಒಂದ್ಸಲ ಕರ್ಕೊಂಡ್ ಬನ್ನಿ."

"ನಾನೇ ಸಾರ್," ಎಂದಳು ಪಕ್ಕದ ಹುಡುಗಿ.

ಡಾಕ್ಟರು ನನ್ನ ಕೈ ಬಿಟ್ಟು ಅತ್ತ ತಿರುಗಿದರು. ಕೂತಲ್ಲಿಂದ ಅವಳ ಮುಖ ನೋಡಲು ಅವರೀಗ ತಲೆ ಎತ್ತಬೇಕಾಗಿತ್ತು.